ಭಯದ ನೆನಪು: ಕಾಲ ಕಳೆದಂತೆ ಮೆದುಳಿನಲ್ಲಾಗುವ ಬದಲಾವಣೆಗಳು

ರಸ್ತೆ ಅಪಘಾತ, ನೆರೆಹಾವಳಿ, ಬೆಂಕಿ ಅನಾಹುತ ಅಥವಾ ಹಲ್ಲೆಗೆ ಒಳಗಾದ ವ್ಯಕ್ತಿಯು ಮೊದಲ ದಿನಗಳಲ್ಲಿ ಧೈರ್ಯದಿಂದಿದ್ದು, ಕೆಲವು ವಾರಗಳ ನಂತರ ಭಯಪಡಲಾರಂಭಿಸುವುದುಂಟು. ಅಂದು ಇಲ್ಲದ ಭಯ ಇಂದೇಕೆ ಎಂದು ಮನೆಯವರೇ ಸಂಶಯಿಸುತ್ತಾರೆ. ಈ ಸಂಶಯಕ್ಕೆ ಆಧಾರವಿಲ್ಲ.

ಭಯದ ನೆನಪು ರೂಪುಗೊಳ್ಳುವಲ್ಲಿ ಮೆದುಳಿನ ಒಳಗಿರುವ, ಬಾದಾಮಿಯಾಕಾರದ ಅಮಿಗ್ಡಲಾ ಎಂಬ ಭಾಗವು ಪ್ರಮುಖ ಪಾತ್ರ ವಹಿಸುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಲಿಗಳನ್ನು ಒಮ್ಮೆ ಮಾತ್ರ 2 ಗಂಟೆಗಳ ಕಾಲ ಅಲುಗಾಡದಂತೆ ಇರಿಸಲಾಗಿತ್ತು. ಮರುದಿನ ಅಮಿಗ್ಡಲಾದ ನರಕೋಶಗಳಲ್ಲಿ ಬದಲಾವಣೆ ಕಂಡುಬರಲಿಲ್ಲ. ಆದರೆ 10 ದಿನಗಳ ನಂತರ ಆ ಕೋಶಗಳ ರೆಂಬೆಗಳ ಮೇಲಿನ, ಪರಸ್ಪರ ಸಂಪರ್ಕಕ್ಕೆ ನೆರವಾಗುವ ಸೂಕ್ಷ್ಮ ಮುಳ್ಳುಗಳ ಸಂಖ್ಯೆ ಹೆಚ್ಚಿತ್ತು. ಇಲಿಗಳ ಆತಂಕವೂ ಹೆಚ್ಚಿತ್ತು. ಇಲಿಯಲ್ಲಿ ಕಂಡದ್ದನ್ನು ಮನುಷ್ಯರಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಆಘಾತದ ಪರಿಣಾಮವು ತಡವಾಗಿ ಬಲಿಯಬಹುದೆಂಬುದಕ್ಕೆ ಇದು ಸ್ಪಷ್ಟ ನಿದರ್ಶನವಾಗಿರುತ್ತದೆ. ಆಘಾತೋತ್ತರ ಒತ್ತಡದ ಕಾಯಿಲೆಯು ಘಟನೆಯ 6 ತಿಂಗಳ ನಂತರ ಪೂರ್ಣರೂಪ ತಾಳುವ ಪ್ರಕರಣಗಳನ್ನೂ ವೈದ್ಯಶಾಸ್ತ್ರವು ಗುರುತಿಸಿದೆ.

ಹಳೆಯ ನೆನಪು ಕಲ್ಲಿನ ಮೇಲಿನ ಬರಹವೂ ಅಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕರೀಮ್ ನಾಡೆರ್, ಗ್ಲೆನ್ ಶಾಫೆ ಮತ್ತು ಜೋಸೆಫ್ ಲೆಡೂ ಅವರು 2000ನೇ ಇಸವಿಯಲ್ಲಿ, ನೆನಪಿಗೆ ಬಂದ ಭಯವು ಕೆಲಕಾಲ ಸಡಿಲಗೊಂಡು, ಹೊಸ ಪ್ರೋಟೀನುಗಳ ನೆರವಿನಿಂದ ಮತ್ತೆ ಗಟ್ಟಿಯಾಗಬೇಕಾಗುತ್ತದೆಂದು ಇಲಿಗಳಲ್ಲಿ ತೋರಿಸಿದರು. ಇದನ್ನೇ ನೆಪವಾಗಿಸಿ ಕಹಿ ನೆನಪನ್ನು ಅಳಿಸಿಕೊಡುವುದಾಗಿ ಹೇಳುವವರನ್ನು ನಂಬಬಾರದು. ಅಂತಹ ಔಷಧಿ ಇಲ್ಲ.

ತರಬೇತಿ ಪಡೆದ ಚಿಕಿತ್ಸಕರು ಭಯ ಹುಟ್ಟಿಸುವ ಸಂಗತಿಯನ್ನು ಸುರಕ್ಷಿತ ವಾತಾವರಣದಲ್ಲಿ ಹಂತಹಂತವಾಗಿ ಎದುರಿಸಲು ನೆರವಾಗುತ್ತಾರೆ. ಆಗ ಹಳೆಯ ನೆನಪು ಬಹುಮಟ್ಟಿಗೆ ಹಾಗೆಯೇ ಉಳಿದು, ಅದರ ಜೊತೆಗೆ "ಇಲ್ಲಿ ಅಪಾಯವಿಲ್ಲ" ಎಂಬ ಹೊಸ ಕಲಿಕೆ ಸೇರುತ್ತದೆ. ಆದುದರಿಂದಲೇ ಗುಣಮುಖರಾದವರಲ್ಲಿಯೂ ಬೇರೊಂದು ಸ್ಥಳದಲ್ಲಿ ಅಥವಾ ಬಹುಕಾಲದ ನಂತರ ಭಯ ಮರುಕಳಿಸಬಹುದು. ಇದನ್ನು ಚಿಕಿತ್ಸೆಯ ವೈಫಲ್ಯವೆಂದು ಭಾವಿಸಿ ಅರ್ಧಕ್ಕೆ ಬಿಡುವುದು ಸರಿಯಲ್ಲ.

ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ ಕಲಂ 18ರನ್ವಯ ಸರ್ಕಾರಿ ಮಾನಸಿಕ ಆರೋಗ್ಯ ಸೇವೆ ಪಡೆಯುವುದು ಪ್ರತಿಯೊಬ್ಬರ ಹಕ್ಕಾಗಿರುತ್ತದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ವೈದ್ಯರನ್ನು ಕಾಣುವಾಗ ಘಟನೆ ನಡೆದ ದಿನಾಂಕ ಹಾಗೂ ತೊಂದರೆ ಆರಂಭವಾದ ದಿನಾಂಕಗಳನ್ನು ಪ್ರತ್ಯೇಕವಾಗಿ ತಿಳಿಸತಕ್ಕದ್ದು. ಎರಡರ ನಡುವಿನ ಅಂತರ ಹೆಚ್ಚೆಂಬ ಕಾರಣಕ್ಕೆ ಮುಚ್ಚಿಡಬೇಕಾಗಿಲ್ಲ.