ಇಂಗ್ಲಿಷಿನಲ್ಲಿ ಪರಿಮಾಣವಾಚಕಗಳೂ ಆತ್ಮಾರ್ಥಕ ಸರ್ವನಾಮಗಳೂ

ನಮ್ಮ ಪ್ರಾಕ್ತನ ವಿದ್ಯಾರ್ಥಿನಿಯರ ಇಂಗ್ಲಿಷ್ ಪತ್ರಗಳಲ್ಲಿ ಆಗಾಗ್ಗೆ ತಲೆದೋರುವ ಒಂದು ಸಂದೇಹವನ್ನು ಇಲ್ಲಿ ಪರಿಹರಿಸಲೆಳಸುವೆವು. ‘ಈಚ್ ಆಫ್ ದ ಗರ್ಲ್ಸ್’ ಎಂಬಲ್ಲಿ ಬಹುವಚನವು ಸಮೀಪದಲ್ಲಿದ್ದರೂ ‘ಈಚ್’ ಏಕವಚನವಾದುದರಿಂದ ‘ಹರ್‌ಸೆಲ್ಫ್’ ಎಂದು ಬರೆಯತಕ್ಕದ್ದು. ಕನ್ನಡದಲ್ಲಿಯೂ ‘ಪ್ರತಿಯೊಬ್ಬಳೂ ತನ್ನನ್ನು’ ಎನ್ನುವೆವಷ್ಟೆ. ‘ಎವ್ರಿಒನ್’ ಎಂಬುದನ್ನು ನಾವು ‘ಎಲ್ಲರೂ’ ಎಂದು ಅರ್ಥಮಾಡಿಕೊಂಡರೂ ಅದಕ್ಕೆ ಏಕವಚನ ಕ್ರಿಯಾಪದವೇ ಸಲ್ಲುವುದು. ಆತ್ಮಾರ್ಥಕ ಸರ್ವನಾಮವಾಗಿ ಮಾತ್ರ ‘ದೆಮ್‌ಸೆಲ್ವ್ಸ್’ ಈಗ ಮಾನ್ಯವಾಗಿದೆ.

‘ಸಮ್ ಆಫ್ ಅಸ್’ ಎಂಬಲ್ಲಿ ಹೆಚ್ಚಿನ ಎಚ್ಚರಿಕೆ ಬೇಕು. ‘ಬ್ಲೇಮ್ಡ್ ಅವರ್‌ಸೆಲ್ವ್ಸ್’ ಎಂದರೆ ಬರೆದವಳೂ ತಪ್ಪಿನಲ್ಲಿ ಪಾಲುಗೊಂಡಂತಾಯಿತು. ‘ದೆಮ್‌ಸೆಲ್ವ್ಸ್’ ಎಂದರೆ ತಾನು ಆ ಕೆಲವರಿಗೆ ಸೇರಿದವಳಲ್ಲವೆಂದು ಸೂಚಿಸಿದಂತೆ. ಆದುದರಿಂದ ಲೇಖನಿಯನ್ನು ಹಿಡಿಯುವ ಮುನ್ನ, ‘ಆ ಕೆಲವರಲ್ಲಿ ನಾನೂ ಒಬ್ಬಳೆ?’ ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಮಕ್ಕಳ ಪತ್ರಗಳನ್ನು ಓದುವ ತಾಯಿತಂದೆಗಳೂ ಇದನ್ನು ಗಮನಿಸುವರೆಂದು ನಂಬುತ್ತೇವೆ.