ಆಕಾಶದ ಬಂಡೆಗಳ ಮೇಲೆ ಕಾವಲು



ಮೂರು ರಾಯರ ಹಬ್ಬ ಬಂದಾಗಲೆಲ್ಲ ನಾವು ನಕ್ಷತ್ರದ ಬಗ್ಗೆ ಪ್ರಬೋಧನೆ ಮಾಡುತ್ತೇವೆ. ಮೂಡಣದ ಆ ಜ್ಞಾನಿಗಳು ಆಕಾಶವನ್ನು ಒಂದು ದಿನ ಅಕಸ್ಮಾತ್ತಾಗಿ ನೋಡಿದವರಲ್ಲ. ದಿನವೂ ನೋಡುತ್ತಿದ್ದರು, ಆದ್ದರಿಂದಲೇ ಹೊಸದೊಂದು ಕಾಣಿಸಿಕೊಂಡಾಗ ಅದು ಹೊಸದೆಂದು ಅವರಿಗೆ ತಿಳಿಯಿತು. ಹಾಗೆ ದಿನವೂ ಆಕಾಶ ನೋಡುವವರು ಇಂದೂ ಇದ್ದಾರೆ. ಅವರ ಬಗ್ಗೆ ಬರೆಯಬೇಕೆಂದು ನಮಗೆ ಅನಿಸಿದ್ದು ನಮ್ಮ ಧರ್ಮಕೇಂದ್ರದ ಒಬ್ಬ ತಾಯಿಯಿಂದಾಗಿ.

2025ರ ಫೆಬ್ರವರಿ 2, ಭಾನುವಾರ. ದೇವಾಲಯದಲ್ಲಿ ಬಾಲಯೇಸುವಿನ ಸಮರ್ಪಣೆಯ ಹಬ್ಬ. ಮೇಣದ ಬತ್ತಿಗಳನ್ನು ಆಶೀರ್ವದಿಸಿ ಬಲಿಪೂಜೆ ಮುಗಿಸಿ ಹೊರಗೆ ಬಂದಾಗ, ಕೈಯಲ್ಲಿ ಬತ್ತಿ ಹಿಡಿದುಕೊಂಡೇ ಆಕೆ ಕೇಳಿದರು: "ಫಾದರ್, ಟಿವಿಯಾಗ ತೋರ್ಸಾಕತ್ತಾರ್ರೀ, 2032ಕ್ಕ ಮ್ಯಾಲಿಂದ ಕಲ್ಲು ಬೀಳತೈತಂತ. ಭಾರತದ ಮ್ಯಾಲೂ ಬೀಳಬಹುದಂತ್ರೀ. ಖರೇ ಏನ್ರೀ?" ಎರಡನೇ ತರಗತಿಯ ಮಗ ಪಕ್ಕದಲ್ಲಿ ನಿಂತಿದ್ದ. ಆಕೆ ಲೆಕ್ಕ ಹಾಕಿಯೇ ಬಂದಿದ್ದರು: ಆ ವರ್ಷ ಇವನು ಹತ್ತನೇ ತರಗತಿಯಲ್ಲಿರುತ್ತಾನೆ. ತಾರೀಖು ಡಿಸೆಂಬರ್ 22, ಕ್ರಿಸ್ತಜಯಂತಿಗೆ ಮೂರೇ ದಿನ ಮೊದಲು. ಇದು ಅಂತ್ಯಕಾಲದ ಗುರುತು ಎಂದು ಯಾರೋ ಒಬ್ಬ ಬೋಧಕರ ವಿಡಿಯೋ ಕೂಡ ಆಕೆಯ ಮೊಬೈಲಿಗೆ ಬಂದಿತ್ತು.

ನಾವು ಸ್ವಲ್ಪ ಓದಿಕೊಂಡಿದ್ದೆವು. "ಅಂಜಬ್ಯಾಡ ತಂಗಿ, ಆ ಅಂಕಿ ಇನ್ನೆರಡು ವಾರದಾಗ ಇಳೀತೈತಿ" ಎಂದು ಧೈರ್ಯ ಹೇಳಿ ಕಳಿಸಿದೆವು. ಆದರೆ ಅಂಕಿ ಇಳಿಯಲಿಲ್ಲ. ಜನವರಿ ಕೊನೆಯಲ್ಲಿ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚಿದ್ದ ಸಂಭವ ಫೆಬ್ರವರಿ 18ರಂದು ಶೇ. 3.1ಕ್ಕೆ ಏರಿತು. ಮರುದಿನ ಬುಧವಾರ ಆಕೆ ಮತ್ತೆ ಬಂದರು. "ನೀವು ಇಳೀತೈತಿ ಅಂದಿದ್ರಿ, ಏರೇತಲ್ರೀ!" ನಾವು ತಲೆ ತಗ್ಗಿಸುವಂತಾಯಿತು. ತಿಳಿಯದೆ ಧೈರ್ಯ ಹೇಳುವುದು ಯಾಜಕರಿಗೆ ಸುಲಭವಾಗಿ ಅಂಟಿಕೊಳ್ಳುವ ಚಟ. ಆ ಅಂಕಿ ಏಕೆ ಏರಿತು, ಮುಂದೆ ಏಕೆ ಇಳಿಯಿತು ಎಂಬುದನ್ನು ಅಂದು ವಿವರಿಸಲು ನಮಗೆ ಆಗಲಿಲ್ಲ. ಈಗ ವಿವರಿಸುತ್ತೇವೆ.

ಮೊದಲಿಗೆ ಈ ಬಂಡೆಗಳೆಂದರೆ ಏನು? ಸೂರ್ಯನ ಸುತ್ತ ಗ್ರಹಗಳು ಸುತ್ತುವಂತೆ ಲಕ್ಷಾಂತರ ಕಲ್ಲುಬಂಡೆಗಳೂ ಸುತ್ತುತ್ತಿವೆ. ಇವಕ್ಕೆ ಕ್ಷುದ್ರಗ್ರಹಗಳೆನ್ನುತ್ತಾರೆ. ಹೆಚ್ಚಿನವು ಮಂಗಳ ಮತ್ತು ಗುರು ಗ್ರಹಗಳ ನಡುವೆ, ನಮ್ಮಿಂದ ಬಹು ದೂರದಲ್ಲಿವೆ. ಕೆಲವು ಮಾತ್ರ ಭೂಮಿಯ ಕಕ್ಷೆಗೆ ಸುಮಾರು 4.5 ಕೋಟಿ ಕಿಲೋಮೀಟರಿನೊಳಗೆ ಬರುತ್ತವೆ. ಅವೇ ಭೂಸಮೀಪ ಕ್ಷುದ್ರಗ್ರಹಗಳು. ಇಂಥವು 2025ರ ನವೆಂಬರ್ ಹೊತ್ತಿಗೆ 40 ಸಾವಿರಕ್ಕೂ ಹೆಚ್ಚು ಪತ್ತೆಯಾಗಿದ್ದವು. ಒಂದು ಕಿಲೋಮೀಟರಿಗಿಂತ ದೊಡ್ಡವು ಬಹುತೇಕ ಎಲ್ಲವೂ ಸಿಕ್ಕಿವೆ. ಆದರೆ ಒಂದು ನಗರವನ್ನೋ ಒಂದು ಜಿಲ್ಲೆಯನ್ನೋ ಹಾಳು ಮಾಡಬಲ್ಲ, 140 ಮೀಟರಿಗೆ ಮೇಲ್ಪಟ್ಟ ಬಂಡೆಗಳಲ್ಲಿ ಅರ್ಧದಷ್ಟೂ ಇನ್ನೂ ಸಿಕ್ಕಿಲ್ಲ.

ಮೊಟ್ಟಮೊದಲ ಕ್ಷುದ್ರಗ್ರಹವನ್ನು ಕಂಡವರು ಒಬ್ಬ ಕಥೋಲಿಕ ಯಾಜಕರು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. 1801ರ ಜನವರಿ 1ರ ರಾತ್ರಿ, ಸಿಸಿಲಿಯ ಪಲೆರ್ಮೊ ವೀಕ್ಷಣಾಲಯದಲ್ಲಿ ಥಿಯಟೈನ್ ಸಭೆಯ ಫಾದರ್ ಜುಸೆಪ್ಪೆ ಪಿಯಾಜ್ಜಿ ನಕ್ಷತ್ರಗಳ ಪಟ್ಟಿ ಮಾಡುತ್ತಿದ್ದರು. ಒಂದು ಚುಕ್ಕೆ ಮರುದಿನ ತನ್ನ ಜಾಗದಲ್ಲಿ ಇರಲಿಲ್ಲ, ತುಸು ಸರಿದಿತ್ತು. ಅದಕ್ಕೆ ಸಿರಿಸ್ ಎಂಬ ಹೆಸರಾಯಿತು. ರೋಮನ್ನರ ಧಾನ್ಯದೇವತೆಯ ಹೆಸರು ಅದು. ಫೆಬ್ರವರಿ 11ರವರೆಗೆ ಅವರು ಅದನ್ನು ಹಿಂಬಾಲಿಸಿದರು. ಅಷ್ಟರಲ್ಲಿ ಕಾಯಿಲೆ ಬಿದ್ದರು, ಸಿರಿಸ್ ಸೂರ್ಯನ ಬೆಳಕಿನತ್ತ ಸರಿದು ಮರೆಯಾಯಿತು. ಯುರೋಪಿನ ಪಂಡಿತರೆಲ್ಲ ಹುಡುಕಿದರೂ ಸಿಗಲಿಲ್ಲ. ಕಂಡುಹಿಡಿದದ್ದೇನೋ ಆಯಿತು, ಆದರೆ ಕಳೆದುಹೋಗಿತ್ತು! ಕೊನೆಗೆ 24 ವರ್ಷದ ಕಾರ್ಲ್ ಗೌಸ್ ಎಂಬ ಜರ್ಮನಿಯ ತರುಣ ಪಿಯಾಜ್ಜಿಯವರ ಆ 41 ದಿನಗಳ ಅಳತೆಗಳನ್ನೇ ಇಟ್ಟುಕೊಂಡು, ಅದು ಇಂಥ ಕಡೆ ಇರಬೇಕೆಂದು ಗಣಿತದಿಂದ ಹೇಳಿದ. ಆ ವರ್ಷದ ಡಿಸೆಂಬರ್ ಕೊನೆಯಲ್ಲಿ ಹೆಚ್ಚುಕಡಿಮೆ ಅಲ್ಲಿಯೇ ಸಿಕ್ಕಿತು. ಇಂದಿನ ಕ್ಷುದ್ರಗ್ರಹ ಕಾವಲಿನ ಇಡೀ ವಿಧಾನ ಈ ಒಂದು ಕಥೆಯಲ್ಲಿದೆ: ಕಾಣಬೇಕು, ಅಳೆಯಬೇಕು, ಮರೆಯಾಗುವ ಮೊದಲು ಸಾಕಷ್ಟು ಸಲ ಅಳೆಯಬೇಕು.

ಈಗ ಕಣ್ಣಿನ ಜಾಗದಲ್ಲಿ ಕ್ಯಾಮೆರಾ ಕೂತಿದೆ. ಅಮೆರಿಕದ ಅರಿಜೋನಾದಲ್ಲಿ ಕಟಲೀನಾ ಸಮೀಕ್ಷೆ, ಹವಾಯಿಯಲ್ಲಿ ಪ್ಯಾನ್-ಸ್ಟಾರ್ಸ್, ಹವಾಯಿ, ಚಿಲಿ ಮತ್ತು ದಕ್ಷಿಣ ಆಫ್ರಿಕಾಗಳಲ್ಲಿ ಅಟ್ಲಾಸ್ ದೂರದರ್ಶಕಗಳು ರಾತ್ರಿಯಿಡೀ ಆಕಾಶದ ಚಿತ್ರ ತೆಗೆಯುತ್ತವೆ. ಒಂದೇ ಜಾಗದ ಚಿತ್ರವನ್ನು ಕೆಲವು ನಿಮಿಷ ಬಿಟ್ಟು ಬಿಟ್ಟು ಮೂರು ನಾಲ್ಕು ಸಲ ತೆಗೆಯುತ್ತಾರೆ. ನಕ್ಷತ್ರಗಳು ನಿಂತಲ್ಲೇ ಇರುತ್ತವೆ, ಬಂಡೆ ಸರಿದಿರುತ್ತದೆ. ಸರಿದ ಚುಕ್ಕೆಯನ್ನು ಗಣಕಯಂತ್ರ ಗುರುತಿಸುತ್ತದೆ. ಆ ಅಳತೆಗಳು ಅಮೆರಿಕದ ಕೇಂಬ್ರಿಜ್‌ನಲ್ಲಿರುವ ಮೈನರ್ ಪ್ಲಾನೆಟ್ ಸೆಂಟರ್ ಎಂಬ ಕಚೇರಿಗೆ ಹೋಗುತ್ತವೆ. ಆ ಕಚೇರಿ ಜಗತ್ತಿಗೆಲ್ಲ ಸಾರುತ್ತದೆ. ಬೇರೆ ಬೇರೆ ದೇಶದವರು, ಹವ್ಯಾಸಿಗಳೂ ಸೇರಿ, ತಮ್ಮ ತಮ್ಮ ಆಕಾಶದಲ್ಲಿ ಅದನ್ನು ಹಿಡಿದು ಅಳೆದು ಕಳಿಸುತ್ತಾರೆ. ಕ್ಯಾಲಿಫೋರ್ನಿಯಾದ ನಾಸಾ ಕೇಂದ್ರವೂ, ರೋಮ್ ಬಳಿಯ ಫ್ರಸ್ಕಾತಿಯಲ್ಲಿರುವ ಯುರೋಪಿನ ಕೇಂದ್ರವೂ ಮುಂದಿನ ನೂರು ವರ್ಷದ ದಾರಿಯನ್ನು ಲೆಕ್ಕ ಹಾಕುತ್ತವೆ. ಚಿಲಿಯ ಹೊಸ ವೆರಾ ರೂಬಿನ್ ದೂರದರ್ಶಕ ಸುಮಾರು ಹತ್ತು ಗಂಟೆಗಳ ವೀಕ್ಷಣೆಯಲ್ಲಿಯೇ 2,104 ಹೊಸ ಕ್ಷುದ್ರಗ್ರಹಗಳನ್ನು ಕಂಡಿದೆ ಎಂದು 2025ರ ಜೂನ್‌ನಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಏಳು ಭೂಮಿಗೆ ಸಮೀಪದವು.

ಆ ತಾಯಿಯನ್ನು ಹೆದರಿಸಿದ ಬಂಡೆಯ ಹೆಸರು 2024 ವೈಆರ್4. 2024ರ ಡಿಸೆಂಬರ್ 27ರಂದು, ಕ್ರಿಸ್ತಜಯಂತಿಯ ಎರಡು ದಿನಗಳ ನಂತರ, ಚಿಲಿಯ ಅಟ್ಲಾಸ್ ಅದನ್ನು ಕಂಡಿತು. ಅಗಲ ಸುಮಾರು 60 ಮೀಟರ್. ಅದು ಬಿದ್ದರೆ ಬೀಳಬಹುದಾದ ಪಟ್ಟಿ ಪೆಸಿಫಿಕ್ ಸಾಗರದ ಪೂರ್ವಭಾಗದಿಂದ ದಕ್ಷಿಣ ಅಮೆರಿಕದ ಉತ್ತರಭಾಗ, ಅಟ್ಲಾಂಟಿಕ್, ಆಫ್ರಿಕಾ, ಅರಬ್ಬೀ ಸಮುದ್ರ ದಾಟಿ ದಕ್ಷಿಣ ಏಷ್ಯಾದವರೆಗೆ ಚಾಚಿತ್ತು. ಆದ್ದರಿಂದ ಟಿವಿಯವರು ಹೇಳಿದ್ದು ಪೂರ್ತಿ ಸುಳ್ಳೇನಲ್ಲ.

ಹಾಗಾದರೆ ಅಂಕಿ ಏಕೆ ಏರಿತು? ಒಂದು ಎಮ್ಮೆ ಸಂತೆಯಿಂದ ತಪ್ಪಿಸಿಕೊಂಡಿತೆನ್ನಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದರಲ್ಲಿ ಯಾವ ಕಡೆಗಾದರೂ ಹೋಗಿರಬಹುದು. ಚಿಕ್ಕೋಡಿಗೆ ಬಂದಿರುವ ಸಂಭವ ಐದರಲ್ಲಿ ಒಂದು. ಅಥಣಿಯವರು ಫೋನ್ ಮಾಡಿ ಇಲ್ಲಿಲ್ಲ ಎಂದರು, ಕಾಗವಾಡದವರೂ ಇಲ್ಲ ಎಂದರು, ರಾಯಬಾಗದವರೂ ಇಲ್ಲ ಎಂದರು. ಈಗ ಚಿಕ್ಕೋಡಿಯ ಸಂಭವ ಎರಡರಲ್ಲಿ ಒಂದು! ಎಮ್ಮೆ ಚಿಕ್ಕೋಡಿಯತ್ತ ಒಂದು ಹೆಜ್ಜೆಯನ್ನೂ ಹೆಚ್ಚಿಗೆ ಇಟ್ಟಿಲ್ಲ. ನಮ್ಮ ತಿಳಿವಳಿಕೆ ಹೆಚ್ಚಿದೆ, ಅಷ್ಟೇ. ಆಮೇಲೆ ನಿಪ್ಪಾಣಿಯಿಂದ ಸಿಕ್ಕಿತು ಎಂಬ ಸುದ್ದಿ ಬಂತು. ಚಿಕ್ಕೋಡಿಯ ಅಂಕಿ ಒಮ್ಮೆಲೇ ಸೊನ್ನೆ. ವೈಆರ್4ರ ವಿಷಯದಲ್ಲಿ ನಡೆದದ್ದೂ ಇದೇ. ಪ್ರತಿ ರಾತ್ರಿಯ ಅಳತೆಯಿಂದ ಅದು ಹಾಯಬಹುದಾದ ಪಟ್ಟಿ ಕಿರಿದಾಗುತ್ತ ಬಂತು, ಭೂಮಿ ಆ ಪಟ್ಟಿಯೊಳಗೇ ಉಳಿದಿದ್ದಷ್ಟು ದಿನ ಸಂಭವ ಏರಿತು. ಫೆಬ್ರವರಿ 24ರ ಹೊತ್ತಿಗೆ ಭೂಮಿ ಪಟ್ಟಿಯ ಹೊರಗಾಯಿತು. 2032ರಲ್ಲಿ ಅದು ಭೂಮಿಗೆ ಬಡಿಯುವ ಭಯ ಅಲ್ಲಿಗೆ ಮುಗಿಯಿತು. ಇಳಿಯುತ್ತದೆಂದು ನಾವು ಹೇಳಿದ್ದು ಕೊನೆಗೆ ನಿಜವಾಯಿತು, ಆದರೆ ನಡುವೆ ಏರಲೂಬಹುದೆಂದು ಹೇಳಬೇಕಾಗಿತ್ತು.

ಎಲ್ಲ ಸಲವೂ ಹೀಗೆ ಮುಗಿಯುವುದಿಲ್ಲ. 2013ರ ಫೆಬ್ರವರಿ 15ರ ಬೆಳಿಗ್ಗೆ ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಸುಮಾರು 20 ಮೀಟರ್ ಅಗಲದ ಬಂಡೆಯೊಂದು ಗಾಳಿಯಲ್ಲೇ ಸಿಡಿಯಿತು. ಬೆಳಕು ಕಂಡು ಜನ ಕಿಟಕಿಗೆ ಓಡಿದರು. ಸ್ವಲ್ಪ ಹೊತ್ತಿನ ಮೇಲೆ ಬಂದ ಗಾಳಿಯ ಹೊಡೆತಕ್ಕೆ ಗಾಜು ಒಡೆದು ಸುಮಾರು 1,500 ಮಂದಿ ಗಾಯಗೊಂಡರು. ಅದನ್ನು ಯಾರೂ ಮೊದಲು ಕಂಡಿರಲಿಲ್ಲ, ಸೂರ್ಯನ ದಿಕ್ಕಿನಿಂದ ಬಂದಿತ್ತು. ಆ ದಿಕ್ಕಿನಲ್ಲಿ ನೆಲದ ಮೇಲಿನ ದೂರದರ್ಶಕಗಳು ಕುರುಡು. ಅದಕ್ಕಾಗಿಯೇ ಬಂಡೆಗಳ ಬಿಸಿಯನ್ನು ಗುರುತಿಸುವ ದೂರದರ್ಶಕವೊಂದನ್ನು ಬಾಹ್ಯಾಕಾಶಕ್ಕೆ ಕಳಿಸಲು ನಾಸಾ ಸಿದ್ಧತೆ ನಡೆಸಿದೆ. ಇನ್ನೊಂದೆಡೆ, 2008ರ ಅಕ್ಟೋಬರ್ 6ರಂದು ಕಟಲೀನಾ ಸಮೀಕ್ಷೆಯವರು ಕಂಡ ಸಣ್ಣ ಬಂಡೆಯೊಂದು ಸುಡಾನಿನ ಮರುಭೂಮಿಯ ಮೇಲೆ ಬೀಳುತ್ತದೆಂದು ಮೊದಲೇ ಹೇಳಿದರು. ಒಂದು ದಿನದೊಳಗೆ ಹೇಳಿದಲ್ಲೇ ಬಿತ್ತು. ಖಾರ್ಟೂಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮರಳಿನಲ್ಲಿ ಸಾಲಾಗಿ ನಡೆದು ಅದರ ಚೂರುಗಳನ್ನು ಆರಿಸಿದರು.

ಮುನ್ಸೂಚನೆಯ ಬೆಲೆಯನ್ನು ಕೃಷ್ಣಾ ತೀರದ ನಮಗೆ ಬೇರೆಯವರು ಹೇಳಬೇಕಾಗಿಲ್ಲ. 2005, 2019, 2021ರ ಮಹಾಪೂರಗಳನ್ನು ಕಂಡವರು ನಾವು. ಕೊಯ್ನಾದಿಂದ ಎಷ್ಟು ನೀರು ಬಿಟ್ಟರು, ರಾಜಾಪುರ ಬ್ಯಾರೇಜಿನಿಂದ ಎಷ್ಟು ಬರುತ್ತಿದೆ, ದೂಧಗಂಗಾ ಎಷ್ಟು ತರುತ್ತಿದೆ ಎಂಬ ಲೆಕ್ಕ ಮುಂಚೆ ಸಿಕ್ಕರೆ ಕಲ್ಲೋಳ-ಯಡೂರ ಸೇತುವೆ ಮುಳುಗುವ ಮೊದಲೇ ದನಕರು, ಮಕ್ಕಳು, ಮುದುಕರನ್ನು ಮೇಲಕ್ಕೆ ಸಾಗಿಸಬಹುದು. ನೀರು ಅಂಗಳಕ್ಕೆ ಬಂದ ಮೇಲೆ ಲೆಕ್ಕ ಸಿಕ್ಕಿ ಪ್ರಯೋಜನವೇನು? ಬಂಡೆಯ ವಿಷಯದಲ್ಲಿ ಮಾತ್ರ ಒಂದು ಹೆಚ್ಚಿನ ಅನುಕೂಲವಿದೆ. ಹಲವು ವರ್ಷ ಮೊದಲೇ ಗೊತ್ತಾದರೆ ಅದನ್ನು ತಳ್ಳಲೂಬಹುದು. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಸುಮಾರು 160 ಮೀಟರ್ ಅಗಲದ ಡೈಮಾರ್ಫಸ್ ಎಂಬ ಬಂಡೆಗೆ ಬೇಕೆಂದೇ ಡಿಕ್ಕಿ ಹೊಡೆಯಿತು. ಆ ಬಂಡೆ ತನ್ನ ದೊಡ್ಡ ಜೊತೆಗಾರನನ್ನು ಸುತ್ತುವ ಹೊತ್ತು ಅರ್ಧ ಗಂಟೆಗೂ ಹೆಚ್ಚು ಕಡಿಮೆಯಾಯಿತು. ಅದರಿಂದ ನಮಗೆ ಅಪಾಯವಿರಲಿಲ್ಲ, ಅದು ಪ್ರಯೋಗ.

ನಮ್ಮ ನೆಲಕ್ಕೂ ಈ ಬಂಡೆಗಳಿಗೂ ಹಳೆಯ ನಂಟಿದೆ. ಅಥಣಿ, ರಾಯಬಾಗ ಕಡೆಯ ಎರೆಮಣ್ಣು ಹುಟ್ಟಿದ್ದು ದಖ್ಖಣದ ಲಾವಾದಿಂದ ಆದ ಕರಿಕಲ್ಲಿನಿಂದ. ಆ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಆಗಲೇ ಸುಮಾರು 10 ಕಿಲೋಮೀಟರಿನ ಬಂಡೆಯೊಂದು ಮೆಕ್ಸಿಕೋದ ಕರಾವಳಿಗೆ ಬಡಿದು ಡೈನೋಸಾರ್‌ಗಳ ಕಾಲ ಮುಗಿಯಿತು. ಅದೇ ಕರಿಕಲ್ಲಿನ ಮೇಲೆ ಬಹಳ ಕಾಲದ ನಂತರ ಬಿದ್ದ ಮತ್ತೊಂದು ಬಂಡೆ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯಲ್ಲಿ ಲೋಣಾರ್ ಸರೋವರವನ್ನು ಮಾಡಿಟ್ಟಿದೆ. ಅದರ ಕುಳಿಯ ಅಗಲ ಸುಮಾರು 1.8 ಕಿಲೋಮೀಟರ್. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವವರು ಒಮ್ಮೆ ಅಲ್ಲಿಗೂ ಹೋಗಿಬನ್ನಿ.

ಕಾವಲಿನಲ್ಲಿ ನಮ್ಮವರೂ ಇದ್ದಾರೆ. 1861ರಲ್ಲಿಯೇ ಮದ್ರಾಸ್ ವೀಕ್ಷಣಾಲಯದಿಂದ ಪಾಗ್ಸನ್ ಎಂಬವರು ಒಂದು ಕ್ಷುದ್ರಗ್ರಹ ಕಂಡು ಅದಕ್ಕೆ ಏಷ್ಯಾ ಎಂದು ಹೆಸರಿಟ್ಟರು. ಆ ವೀಕ್ಷಣಾಲಯದ ವಾರಸುದಾರನಾದ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಈಗ ಬೆಂಗಳೂರಿನ ಕೋರಮಂಗಲದಲ್ಲಿದೆ. ತಮಿಳುನಾಡಿನ ಕಾವಲೂರಿನಲ್ಲಿರುವ ಅದರ ವೀಕ್ಷಣಾಲಯದಲ್ಲಿ 1988ರ ಫೆಬ್ರವರಿ 17ರಂದು ಆರ್. ರಾಜಮೋಹನ್ ಕಂಡುಹಿಡಿದ ಕ್ಷುದ್ರಗ್ರಹಕ್ಕೆ ಗಣಿತಜ್ಞ ರಾಮಾನುಜನ್ ಅವರ ಹೆಸರಿದೆ. ಲದ್ದಾಖಿನ ಹಾನ್ಲೆಯಲ್ಲಿ ಈ ಸಂಸ್ಥೆಯೂ ಮುಂಬಯಿಯ ಐಐಟಿಯೂ ಸೇರಿ ನಡೆಸುವ 70 ಸೆಂಟಿಮೀಟರಿನ ದೂರದರ್ಶಕ ಭೂಸಮೀಪ ಬಂಡೆಗಳನ್ನೂ ಹಿಂಬಾಲಿಸುತ್ತದೆ. ಇಸ್ರೋ 2022ರ ಜುಲೈನಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ತೆರೆದ ಕೇಂದ್ರದ ಮುಖ್ಯ ಕೆಲಸ ಉಪಗ್ರಹಗಳಿಗೆ ಬಾಹ್ಯಾಕಾಶದ ಕಸ ಬಡಿಯದಂತೆ ನೋಡಿಕೊಳ್ಳುವುದು. 2024ರ ಜುಲೈನಲ್ಲಿ ಇಸ್ರೋ ಬೆಂಗಳೂರಿನಲ್ಲಿ ಕ್ಷುದ್ರಗ್ರಹಗಳಿಂದ ಭೂಮಿಯ ರಕ್ಷಣೆಯ ಬಗ್ಗೆ ಕಾರ್ಯಾಗಾರವನ್ನೂ ನಡೆಸಿತು.

ಧರ್ಮಸಭೆಗೂ ಸ್ವಂತ ವೀಕ್ಷಣಾಲಯವಿದೆ. ಜಗದ್ಗುರು ಹದಿಮೂರನೇ ಲಿಯೋ 1891ರಲ್ಲಿ ಮರುಸ್ಥಾಪಿಸಿದ ವ್ಯಾಟಿಕನ್ ವೀಕ್ಷಣಾಲಯವನ್ನು ಯೇಸುಸಭೆಯವರು ನಡೆಸುತ್ತಾರೆ. 2025ರ ಸೆಪ್ಟೆಂಬರ್‌ನಿಂದ ಅದರ ನಿರ್ದೇಶಕರು ಗೋವಾ ಪ್ರಾಂತ್ಯದ ಯೇಸುಸಭೆಯ ಫಾದರ್ ರಿಚರ್ಡ್ ಡಿಸೋಜಾ. ನಮ್ಮ ಪಕ್ಕದ ಊರಿನವರೇ ಎನ್ನಬಹುದು! ಅಲ್ಲಿನ ಬ್ರದರ್ ರಾಬರ್ಟ್ ಮ್ಯಾಕಿ ಉಲ್ಕಾಶಿಲೆಗಳ ತಜ್ಞರು. ಬೆನ್ನು ಎಂಬ ಭೂಸಮೀಪ ಕ್ಷುದ್ರಗ್ರಹದಿಂದ ನಾಸಾ 2023ರಲ್ಲಿ ತಂದ 121.6 ಗ್ರಾಂ ಕಲ್ಲುಮಣ್ಣಿನ ಸಾಂದ್ರತೆ ಅಳೆಯಲು ಬೇಕಾದ ಸಾಧನವನ್ನು ಮಾಡಿಕೊಟ್ಟವರು ಅವರು. ಆ ದಿನ ಹೀಗೆ ಬರುತ್ತದೆ, ಈ ತಾರೀಖಿಗೆ ಬರುತ್ತದೆ ಎಂದು ಹೇಳುವ ಬೋಧಕರಿಗೆ ನಾವು ಕೊಡುವ ಉತ್ತರ ಇಷ್ಟೇ: ಆ ದಿನ ಮತ್ತು ಗಳಿಗೆ ಪಿತನ ಹೊರತು ಯಾರಿಗೂ ತಿಳಿಯದೆಂದು ಪ್ರಭುವೇ ಹೇಳಿದ್ದಾರೆ. ಬಂಡೆಯ ತಾರೀಖನ್ನು ಮಾತ್ರ ಲೆಕ್ಕ ಹಾಕಬಹುದು, ಹಾಕಲೇಬೇಕು.

ಹಾಗೆ ಲೆಕ್ಕ ಹಾಕಿಟ್ಟ ತಾರೀಖೊಂದು ಹತ್ತಿರ ಬರುತ್ತಿದೆ. ಸುಮಾರು 350 ಮೀಟರಿನ ಅಪೋಫಿಸ್ ಎಂಬ ಕ್ಷುದ್ರಗ್ರಹ 2004ರಲ್ಲಿ ಸಿಕ್ಕಾಗ, 2029ರಲ್ಲಿ ಬಡಿಯುವ ಸಂಭವ ಶೇ. 2.7 ಎಂದು ಲೆಕ್ಕ ಬಂದು ಗದ್ದಲವಾಗಿತ್ತು. 2021ರ ರಡಾರ್ ಅಳತೆಗಳ ನಂತರ ಕನಿಷ್ಠ ನೂರು ವರ್ಷ ಅದರಿಂದ ಅಪಾಯವಿಲ್ಲವೆಂದು ಖಚಿತವಾಗಿದೆ. 2029ರ ಏಪ್ರಿಲ್ 13ರಂದು, ನಮ್ಮ ಗಡಿಯಾರದಲ್ಲಿ 14ರ ನಸುಕಿನ ಸುಮಾರು 3 ಗಂಟೆ 15 ನಿಮಿಷಕ್ಕೆ, ಅದು ನೆಲದಿಂದ 32 ಸಾವಿರ ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗುತ್ತದೆ. ಟಿವಿ ಉಪಗ್ರಹಗಳಿಗಿಂತಲೂ ಕೆಳಗೆ! ನಮಗೆ ಅಂದು ಅಂಬೇಡ್ಕರ್ ಜಯಂತಿ. ಯುರೋಪ್, ಆಫ್ರಿಕಾ, ಪಶ್ಚಿಮ ಏಷ್ಯಾದವರಿಗೆ ಬರಿಗಣ್ಣಿಗೇ ಕಾಣುವುದಂತೆ. ಇದನ್ನು ಕೇಳಿದ ಆ ತಾಯಿ ಈ ಸಲ ಹೆದರಲಿಲ್ಲ. ತಮ್ಮ ದುಬೈನಲ್ಲಿದ್ದಾನೆ, ಅವನಿಗೆ ತಾರೀಖು ಬರೆದು ಕಳಿಸುತ್ತೇನೆ ಎಂದು ಮಗನ ಪಟ್ಟಿಯ ಹಾಳೆ ಹರಿದುಕೊಂಡರು.