ಗಿರಾಕಿ ತೆರೆದು ಓದುವ ಇ-ಮೇಲ್ ಯಾವುದು?

ಮದುವೆ, ಮುಂಜಿ, ಗೃಹಪ್ರವೇಶದ ಊಟ ಮುಗಿದ ಮೇಲೆ ಗಿರಾಕಿಯ ಇ-ಮೇಲ್ ವಿಳಾಸ ಬರೆದಿಟ್ಟುಕೊಳ್ಳುವ ಸದಸ್ಯರು ನಮ್ಮಲ್ಲಿ ಅನೇಕರಿದ್ದಾರೆ. ವಿಳಾಸ ಸಿಕ್ಕಿತೆಂದು ವಾರಕ್ಕೊಮ್ಮೆ 'ವಿಶೇಷ ರಿಯಾಯಿತಿ' ಎಂದು ಕಳುಹಿಸಿದರೆ ಅದನ್ನು ಓದುವವರಿಲ್ಲ. ಗಿರಾಕಿಗೆ ತನ್ನ ಮನೆಯ ಕೆಲಸಕ್ಕೆ ಉಪಯೋಗವಾಗುವ ಮಾತು ಬೇಕು, ಅದೂ ಸಮಯಕ್ಕೆ ಸರಿಯಾಗಿ ಬೇಕು.

ನಾಸಿಕದ ಪಂಚವಟಿಯಲ್ಲಿ ಅಡುಗೆ ಗುತ್ತಿಗೆ ಹಿಡಿಯುವವರ ಉದಾಹರಣೆ ನೋಡೋಣ. ಅಲ್ಲಿ ರಾಮನವಮಿಯ ನಂತರ ಚೈತ್ರ ಶುದ್ಧ ಏಕಾದಶಿಯಂದು ಶ್ರೀರಾಮನ ರಥಯಾತ್ರೆ. ಅಂದು ಅನೇಕ ಮನೆಗಳಲ್ಲಿ ಉಪವಾಸ. ನಮ್ಮ ಕಡೆ ಏಕಾದಶಿಗೆ ಅವಲಕ್ಕಿ, ರವೆ ಉಪ್ಪಿಟ್ಟು ನಡೆಯುವ ಮನೆಗಳುಂಟು. ಮರಾಠಿ ಮನೆಗಳ ಉಪವಾಸಕ್ಕೆ ಅವು ಸಲ್ಲುವುದಿಲ್ಲ. ಸಾಬೂದಾನಿ ಖಿಚಡಿ, ಭಗರ್, ಶೇಂಗಾ ಆಮಟಿ ಬೇಕು. ಹತ್ತು ದಿನ ಮೊದಲೇ ಈ ಪಟ್ಟಿ, 50 ಮತ್ತು 100 ಜನರ ದರ, ಆರ್ಡರ್ ಕೊಡಲು ಕೊನೆಯ ದಿನ ಇಷ್ಟನ್ನು ತಿಳಿಸುವ ಪತ್ರವನ್ನು ಮನೆಯೊಡತಿ ಅಳಿಸುವುದಿಲ್ಲ, ಪಕ್ಕದ ಮನೆಗೂ ಕಳುಹಿಸುತ್ತಾಳೆ. ಬರೀ 'ಹಬ್ಬದ ಶುಭಾಶಯಗಳು' ಎಂಬ ಪತ್ರಕ್ಕೆ ಆ ಭಾಗ್ಯವಿಲ್ಲ.

ಸಿಂಹಸ್ಥ ಕುಂಭಮೇಳವೂ ಹಾಗೆಯೇ. 2015ರ ಮೇಳದಲ್ಲಿ ಸ್ನಾನದ ದಿನಗಳಂದು ವಾಹನ ಸಂಚಾರಕ್ಕೆ ಬಿಗಿಯಾದ ನಿರ್ಬಂಧವಿತ್ತು. ನಾಸಿಕಕ್ಕೆ ಪ್ರಕಟವಾಗಿರುವ ಅಮೃತ ಸ್ನಾನದ ದಿನಗಳು 2027ರ ಆಗಸ್ಟ್ 2, ಆಗಸ್ಟ್ 31 ಮತ್ತು ಸೆಪ್ಟೆಂಬರ್ 11. ಆ ದಿನಗಳಲ್ಲಿ ಊಟ ಎಲ್ಲಿಯವರೆಗೆ ತಲುಪಿಸಬಲ್ಲೆವು, ಹಿಂದಿನ ರಾತ್ರಿಯೇ ತಲುಪಿಸಿದರೆ ಕೆಡದ ತಿಂಡಿ ಯಾವುದು ಎಂದು ಬರೆದರೆ, ನೆಂಟರು ಬರುವ ಮನೆಯವರು ಆ ಪತ್ರವನ್ನು ಹುಡುಕಿ ಓದುತ್ತಾರೆ.

ಪಾಲಿಸಬೇಕಾದ ನಿಯಮಗಳು ಹೆಚ್ಚೇನಿಲ್ಲ. ಪತ್ರದ ವಿಷಯ ತಲೆಬರಹದಲ್ಲೇ ತಿಳಿಯಬೇಕು. ಎಲೆಯೊಂದಕ್ಕೆ ದರ ಎಷ್ಟು, ಅದರಲ್ಲಿ ಬಡಿಸುವವರು, ಸಾಗಾಟ, ಜಿಎಸ್‌ಟಿ ಸೇರಿದೆಯೇ ಎಂಬುದು ಸ್ಪಷ್ಟವಿರಲಿ. ಹೇಳಲು ಸಂಗತಿ ಇಲ್ಲದ ತಿಂಗಳು ಪತ್ರವೇ ಬೇಡ. ಗಿರಾಕಿಯನ್ನು ಕೇಳಿಯೇ ಹೆಸರು ಸೇರಿಸಿ. ಬೇಡವೆಂದವರ ಹೆಸರನ್ನು ಕೂಡಲೇ ತೆಗೆಯಿರಿ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವಂತಿರಬೇಕು ಎಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತತ್ವವೂ ಹೌದು.

ಇದರಲ್ಲಿ ನಮ್ಮ ಸ್ವಂತ ಹಿತವೂ ಇದೆ. 'ಸ್ಪ್ಯಾಮ್' ಎಂಬ ದೂರು ಸಾವಿರ ಪತ್ರಕ್ಕೆ ಮೂರನ್ನು ಮುಟ್ಟಬಾರದೆಂದು ಜಿಮೇಲ್ 2024ರಲ್ಲಿ ನಿಯಮ ಮಾಡಿತು. 300 ವಿಳಾಸಗಳ ಪಟ್ಟಿಯಲ್ಲಿ ಬೇಸತ್ತ ಒಬ್ಬ ಗಿರಾಕಿ ಗುಂಡಿ ಒತ್ತಿದರೂ ಲೆಕ್ಕದಲ್ಲಿ ಆ ಗಡಿ ದಾಟಿದಂತೆ. ಹೀಗೆ ದೂರು ಬೆಳೆದರೆ ಅದೇ ವಿಳಾಸದಿಂದ ಹೋಗುವ ಮದುವೆಯ ಕೊಟೇಶನ್ ಕೂಡ ಸ್ಪ್ಯಾಮ್ ಪೆಟ್ಟಿಗೆಗೆ ಬೀಳಬಹುದು. ಉತ್ತರ ಬರಲಿಲ್ಲವೆಂದು ಗಿರಾಕಿ ಬೇರೆಯವರನ್ನು ಗೊತ್ತುಮಾಡಿಕೊಂಡಿರುತ್ತಾನೆ, ನಮಗೆ ಕಾರಣವೇ ತಿಳಿಯುವುದಿಲ್ಲ.

ಆದ್ದರಿಂದ ಸದಸ್ಯ ಬಾಂಧವರು ಪತ್ರ ಕಳುಹಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಲಿ: ನಮಗೆ ಆರ್ಡರ್ ಕೊಡದಿದ್ದರೂ ಓದಿದವರಿಗೆ ಇದರಿಂದ ಏನಾದರೂ ಪ್ರಯೋಜನವಿದೆಯೇ? ಇದ್ದರೆ ಕಳುಹಿಸಿ.